ಸಹಾಯ ಬೇಕು: ರಾ ಚಿತ್ರಗಳ ಸಂಸ್ಕರಣೆಗೆ ಯಾವ ತಂತ್ರಾಂಶ ಸೂಕ್ತ?

ಗುಂಪಿನ ಛಾಯಾಗ್ರಾಹಕ ಮಿತ್ರರಿಗೆ ನಮಸ್ಕಾರಗಳು. ದಾಂಡೇಲಿಯ ಕಾಡಿನಲ್ಲಿ ತೆಗೆದ ಹಕ್ಕಿಗಳ ರಾ ಚಿತ್ರಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸಿದ ಮೂಲ ಕಡತಗಳನ್ನು) ಸಂಸ್ಕರಿಸಲು ಒಂದು ತಂತ್ರಾಂಶವನ್ನು ಆರಿಸಿಕೊಳ್ಳಬೇಕಾಗಿದ್ದು, ಅನುಭವಿಗಳ ಸಲಹೆ ಕೋರುತ್ತಿದ್ದೇನೆ.

ನನ್ನದು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್‌ಫ್ರೇಮ್‌ಗಿಂತ ಚಿಕ್ಕ ಸಂವೇದಕದ) ಕ್ಯಾಮೆರಾ. ದಟ್ಟ ನೆರಳಿನಲ್ಲಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 6400ಕ್ಕಿಂತ ಕೆಳಗಿಳಿಯಲು ಸಾಧ್ಯವಾಗದೆ, ಗಂಡು ಮಲಬಾರ್ ಟ್ರೋಗನ್‌ನ ಕೆಂಪು ಎದೆಯ ಮೇಲೆ ನಾಯ್ಸ್‌ನ ಬಣ್ಣದ ಚುಕ್ಕೆಗಳು ಎದ್ದು ಕಾಣುತ್ತಿವೆ. ಅವನ್ನು ಅಳಿಸಹೊರಟರೆ ಗರಿಗಳ ಎಳೆಗಳೂ ಕರಗಿ, ಹಕ್ಕಿ ಮೇಣದ ಬೊಂಬೆಯಂತಾಗುತ್ತದೆ. 14 ಬಿಟ್ ರಾ ಕಡತವು 16,384 ಹಂತಗಳವರೆಗೆ ಬೆಳಕನ್ನು ದಾಖಲಿಸಬಲ್ಲದು ಎಂದಿರುವಾಗ, ಜೆಪೆಗ್‌ನ 256 ಹಂತಗಳಿಗೆ ತೃಪ್ತನಾಗಲು ಮನಸ್ಸು ಒಪ್ಪುತ್ತಿಲ್ಲ.

ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಎರಡೂ ಉಚಿತ, ಮುಕ್ತ ತಂತ್ರಾಂಶಗಳು. ಆಯಾ ಕ್ಯಾಮೆರಾಕ್ಕೆಂದೇ ಅಳೆದಿಟ್ಟ ಮಾದರಿಯ ಆಧಾರದ ಮೇಲೆ ನಾಯ್ಸ್ ತಗ್ಗಿಸುವ ಡಾರ್ಕ್‌ಟೇಬಲ್‌ನ ಕ್ರಮ ನನಗೆ ಹಿಡಿಸಿದೆ, ಆದರೆ ಅದರ ಹತ್ತಾರು ಮಾಡ್ಯೂಲ್‌ಗಳ, ಅಂದರೆ ಒಂದೊಂದು ಕೆಲಸದ ಸಾಧನಗಳ, ನಡುವೆ ದಾರಿ ತಪ್ಪುತ್ತೇನೆ (ವಯಸ್ಸು ಐವತ್ತೆಂಟು, ತಾಳ್ಮೆಯೂ ಅಷ್ಟಕ್ಕಷ್ಟೆ). ಅಡೋಬಿಯ ಲೈಟ್‌ರೂಮ್‌ಗೆ 2023ರಲ್ಲಿ ಸೇರಿದ, ನಾಯ್ಸ್ ಕಳೆಯುವ ಎಐ ಡಿನಾಯ್ಸ್ ಆಕರ್ಷಕವಾದರೂ ಚಂದಾ ಕಟ್ಟುತ್ತಲೇ ಇರಬೇಕು. ಡಿಎಕ್ಸ್‌ಒ ಫೋಟೊಲ್ಯಾಬ್ ತಂತ್ರಾಂಶದ ಡೀಪ್‌ಪ್ರೈಮ್ ಸೌಲಭ್ಯವು, ಸಂವೇದಕದ ಬಿಂದುಗಳಿಂದ ಪೂರ್ಣ ಬಣ್ಣಗಳನ್ನು ಮರುಜೋಡಿಸುವ ಹಂತದಲ್ಲೇ ನಾಯ್ಸ್ ಕಳೆಯುತ್ತದೆ ಎಂಬುದರಿಂದ ನನ್ನ ಒಲವು ಸದ್ಯ ಅದರತ್ತಲೇ ಇದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್ ಇದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಇಂತಹ ಯಂತ್ರದಲ್ಲಿ ಡೀಪ್‌ಪ್ರೈಮ್ ಬಳಸಿದವರು ಒಂದು ಚಿತ್ರಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ದಯವಿಟ್ಟು ತಿಳಿಸಿ. ಡಾರ್ಕ್‌ಟೇಬಲ್‌ನಲ್ಲೇ ಗರಿಗಳ ವಿವರ ಉಳಿಸಿಕೊಂಡವರಿದ್ದರೆ, ತಾವು ಬಳಸಿದ ಮಾಡ್ಯೂಲ್‌ಗಳ ಹೆಸರನ್ನು ಹಂಚಿಕೊಳ್ಳಬೇಕಾಗಿ ವಿನಂತಿ.