ಬಾತ್‌ರೂಮ್ ಪಕ್ಕದ ಗೋಡೆಗೆ ಬೂಷ್ಟು: ಖರ್ಚು ಓನರ್‌ದಾ, ನಮ್ದಾ?

ಬಾಡಿಗೆಮನೆ:
ಬೆಂಗಳೂರು, ಎರಡನೇ ಮಹಡಿ, 11 ತಿಂಗಳ ಕರಾರು, ಬಾಡಿಗೆ 22 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ಬಾತ್‌ರೂಮಿಗೆ ಅಂಟಿದ ಬೆಡ್‌ರೂಮ್ ಗೋಡೆಯಲ್ಲಿ ನೆಲದಿಂದ ಒಂದೂವರೆ ಅಡಿವರೆಗೆ ಪುಟ್ಟಿ ಹಪ್ಪಳದ ಹಾಗೆ ಏಳ್ತಿದೆ, ಬೀರು ಹಿಂದೆ ಕಪ್ಪು ಬೂಷ್ಟು. "ಕಿಟಕಿ ತೆಗೆಯಲ್ಲ, ಒದ್ದೆ ಬಟ್ಟೆ ಒಳಗೇ ಹಾಕ್ತೀರಿ, ಖರ್ಚು ಅಡ್ವಾನ್ಸಲ್ಲಿ ಹಿಡ್ಕೋತೀನಿ" ಅಂತಾರೆ ಓನರ್. ಕರಾರಲ್ಲಿ ಇರೋದು "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು" ಅಂತ ಒಂದೇ ಸಾಲು. ನಾವೇ ಮಾಡಿಸಿ ಬಾಡಿಗೆಯಲ್ಲಿ ಕಳೀಬಹುದಾ?

ನಲ್ಲಿರಿಪೇರಿ:
ನೀರು ಎಲ್ಲಿಂದ ಅಂತ ಗೊತ್ತಾಗದೆ ಜಗಳ ಶುರು ಮಾಡ್ಬೇಡಿ. ಬಟ್ಟೆ, ಅಡುಗೆ ಹಬೆಯ ತೇವದ ಬೂಷ್ಟು ಚುಕ್ಕೆಚುಕ್ಕೆಯಾಗಿ ಮೇಲ್ಮೇಲೆ ಕೂರುತ್ತೆ, ಒರೆಸಿದ್ರೆ ಹೋಗುತ್ತೆ, ಪುಟ್ಟಿ ಗಟ್ಟಿಯಾಗೇ ಇರುತ್ತೆ. ನಿಮ್ದು ಕೆಳಗಿಂದ ಹತ್ತಿ ಪುಟ್ಟಿ ಎಬ್ಬಿಸಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಬಾತ್‌ರೂಮ್ ಸ್ಲ್ಯಾಬ್ ಒಂದಡಿಯಷ್ಟು ತಗ್ಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರ್ತಾರೆ. ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್ ಹೋದ್ರೆ ಅಥವಾ ನೆಲದ ನೀರು ಹೊರಹೋಗೋ ನಹಾನಿ ಟ್ರ್ಯಾಪಿನ ಜಾಯಿಂಟ್ ಬಿಟ್ರೆ ಆ ತಗ್ಗಲ್ಲಿ ನೀರು ನಿಂತು, ಬತ್ತಿ ಎಣ್ಣೆ ಹೀರೋ ಹಾಗೆ ಗೋಡೆ ಹೀರ್ಕೊಳ್ಳುತ್ತೆ.

ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲ್, ಇನ್ನೂ ಪುಟ್ಟಿ ಏಳದ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ 48 ಗಂಟೆ ಬಿಡಿ. ಗೋಡೆ ಕಡೆ ಮುಖ ಒದ್ದೆಯಾದ್ರೆ ತೇವ ಗೋಡೆಯೊಳಗಿಂದ; ರೂಮ್ ಕಡೆ ಮುಖ ಒದ್ದೆಯಾದ್ರೆ ಓನರ್ ಹೇಳಿದ್ದರಲ್ಲಿ ಹುರುಳಿದೆ.

ಆಮೇಲೆ ಟ್ರ್ಯಾಪ್ ಬಾಯಿಗೆ ಬಟ್ಟೆ ಗಟ್ಟಿಯಾಗಿ ತುರುಕಿ ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ, ಟೈಲ್ಸ್ ಮೇಲೆ ಪೆನ್ಸಿಲ್ ಗುರುತು ಹಾಕಿ. ಒಂದು ದಿನ ಬಿಟ್ಟು ನೋಡಿದಾಗ ಮಟ್ಟ ಚೆನ್ನಾಗಿ ಇಳಿದಿದ್ರೆ ಟೈಲ್ಸ್ ಸಂದಿ. ಬಟ್ಟೆಯಲ್ಲೇ ಜಿನುಗಿದ್ರೂ ಇಳಿಯುತ್ತೆ, ಅದನ್ನ ಮೊದಲು ನೋಡಿ. ಮಟ್ಟ ಹಾಗೇ ಇದ್ರೆ ಟ್ರ್ಯಾಪ್ ಕೆಳಗಿನ ಪೈಪಿರಬಹುದು. ಗೋಡೆಯೊಳಗಿನ ನೀರಿನ ಲೈನಿಗೆ ಪ್ಲಂಬರ್ ಹತ್ತಿರ, ಒತ್ತಡ ತುಂಬಿ ಲೀಕ್ ಪರೀಕ್ಷಿಸೋ ಪ್ರೆಷರ್ ಪಂಪ್ ಹಾಕಿಸಿ. ಅರ್ಧ ಗಂಟೆಯಲ್ಲಿ ಅದರ ಮೀಟರ್ ಮುಳ್ಳು ಇಳಿದ್ರೆ ಲೀಕ್ ಅಲ್ಲೇ.

ಕರಾರುಪತ್ರ:
ಕರ್ನಾಟಕ ಬಾಡಿಗೆ ಕಾಯ್ದೆ 1999 ನಿಮಗೆ ಬರಲ್ಲ, ಬೆಂಗಳೂರಲ್ಲಿ ಅದರ ಮಿತಿ ತಿಂಗಳಿಗೆ 3,500 ರೂಪಾಯಿ. ನಿಮಗೆ ಅನ್ವಯಿಸೋದು ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108. ಅದರ (ಎಫ್) ಪ್ರಕಾರ, ತಿಳಿಸಿದ ಮೇಲೂ ಓನರ್ ಸಮಂಜಸ ಸಮಯದಲ್ಲಿ ರಿಪೇರಿ ಮಾಡಿಸದಿದ್ರೆ ಬಾಡಿಗೆದಾರ ಮಾಡಿಸಿ ಖರ್ಚನ್ನ ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೀಬಹುದು. ಆದ್ರೆ ಕೊಕ್ಕೆ ಇದೆ: ಓನರ್ "ಮಾಡಿಸಲು ಬದ್ಧನಾದ" ರಿಪೇರಿಗಷ್ಟೇ. ನಿಮ್ಮ ಕರಾರಲ್ಲಿ ಆ ಬದ್ಧತೆ ಬರೆದಿಲ್ಲ, ಹಾಗಾಗಿ ಸುಮ್ಮನೆ ಕಳೆದು ಬಾಡಿಗೆ ಹಾಕಿದ್ರೆ ಬಾಕಿದಾರ ಅನ್ನಿಸ್ಕೋತೀರಿ. ಓನರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ, ವಾಟ್ಸಾಪಾದ್ರೂ ಸರಿ. ಅಡ್ವಾನ್ಸ್ ಮುರಿಯೋ ಮಾತಿಗೆ (ಎಂ) ತೋರಿಸಿ: ಸಹಜ ಸವೆತ ಬಾಡಿಗೆದಾರನ ತಲೆಗಲ್ಲ, ಅವನ ತಪ್ಪಿಂದಾದ ಹಾನಿ ಮಾತ್ರ ಅವನದು. 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಪೈಪ್ ಬದಲಾವಣೆ, ಕಟ್ಟಡದ ರಿಪೇರಿ ಓನರ್‌ಗೆ, ನಲ್ಲಿ ವಾಷರ್ ಬಾಡಿಗೆದಾರನಿಗೆ. ಅದು ರಾಜ್ಯಗಳಿಗೆ ಕೇಂದ್ರ ಕೊಟ್ಟ ಮಾದರಿ ಅಷ್ಟೇ, ಆದ್ರೆ ಮುಂದಿನ ಕರಾರಿಗೆ ಆ ಪಟ್ಟಿಯನ್ನೇ ಸೇರಿಸ್ಕೊಳ್ಳಿ.

ಗಾರೆಕೆಲ್ಸ:
ಒಳಗಿಂದ ಡ್ಯಾಂಪ್‌ಪ್ರೂಫ್ ಪೇಂಟ್ ಬಳಿಸ್ತೀನಿ ಅಂದ್ರೆ ಓನರ್‌ಗೆ ಬೇಡ ಅನ್ನಿ. ಲೀಕೇ ನಿಂತಿಲ್ಲ ಅಂದ್ಮೇಲೆ ತೇವ ಪೇಂಟ್ ಹಿಂದೆ ಹತ್ತಿ ಮೂರಡಿ ಮೇಲೆ ಉಬ್ಬುತ್ತೆ. ಲೀಕ್ ನಿಲ್ಲಿಸಿ, ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಗಾರೆ ಕೆತ್ತಿಸಿ, ವಾರಗಟ್ಟಲೆ ಒಣಗಲು ಬಿಟ್ಟು ಆಮೇಲೆ ಗಾರೆ, ಪುಟ್ಟಿ. ಬೂಷ್ಟನ್ನ ಒಣ ಬ್ರಷ್ಷಲ್ಲಿ ಉಜ್ಜಬೇಡಿ, ಪುಡಿ ಹಾರುತ್ತೆ; ಎನ್95 ಮಾಸ್ಕ್ ಹಾಕಿ ಸೋಪ್‌ನೀರಲ್ಲಿ ಒರೆಸಿ. ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಸೇರಿಸಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಹುಷಾರು.

ಬಾಡಿಗೆಮನೆ:
ಫಾಯಿಲ್ ತೆಗೆದೆ. ಗೋಡೆ ಕಡೆ ಮುಖದಲ್ಲಿ ಹನಿಹನಿ, ರೂಮ್ ಕಡೆ ಒಣ.

ಕರಾರುಪತ್ರ:
ಆ ಫೋಟೋ ತಾರೀಖು ಕಾಣೋ ಹಾಗೆ ಇವತ್ತೇ ಕಳಿಸಿ. ಜೊತೆಗೆ ಹೀಗೆ ಬರೀರಿ: "ತೇವ ಗೋಡೆಯೊಳಗಿಂದ ಬರ್ತಿದೆ. 15 ದಿನದೊಳಗೆ ಪ್ಲಂಬರ್ ಕಳಿಸಿ, ಇಲ್ಲವೇ ನಾವು ಕರೆಸಿ ಬಿಲ್ ಮೊತ್ತ ಬಾಡಿಗೆಯಲ್ಲಿ ಕಳೆಯಲು ಒಪ್ಪಿಗೆ ಕೊಡಿ." ಫೋನಲ್ಲಿ ಉತ್ತರ ಕೊಟ್ರೆ, ಅವರು ಹೇಳಿದ್ದನ್ನೇ ಮೆಸೇಜ್ ಮಾಡಿ "ಸರಿ ತಾನೇ ಸರ್" ಅಂತ ಕೇಳಿ.