ದೋಣಿಯ ವಿದ್ಯುತ್ ವೈರನ್ನು ‘ಕಲಾಯಿ’ ಎಂದರೆ ನಡೆದೀತೇ?

ಎಲ್ಲರಿಗೂ ನಮಸ್ಕಾರ.

ಚಿಕ್ಕ ಫೈಬರ್ ದೋಣಿಗಳ ಹಳೇ ವೈರಿಂಗ್ ಕಿತ್ತು ಹೊಸದು ಹಾಕುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಗಂಗೊಳ್ಳಿ, ಮಲ್ಪೆ, ತದಡಿ ಕಡೆಯ ಔಟ್‌ಬೋರ್ಡ್ (ಹಿಂಬದಿಯ ಹೊರಗೆ ಎಂಜಿನ್ ತೂಗಿಸಿದ) ದೋಣಿಯವರು, ಅವರಿಗೆ ಕೆಲಸ ಮಾಡಿಕೊಡುವ ಎಲೆಕ್ಟ್ರಿಷಿಯನ್ನರು. 12 ವೋಲ್ಟಿನ ಬ್ಯಾಟರಿ, ಒಂದೆರಡು ದೀಪ, ಜಿಪಿಎಸ್, ವಯರ್‌ಲೆಸ್ಸು, ತಳದ ನೀರು ಎತ್ತಿ ಹಾಕುವ ಪಂಪು, ಇಷ್ಟೇ ಸಾಮಾನು. ಯಾವ ವೈರು ಕೊಳ್ಳಬೇಕು ಎಂಬ ಅಧ್ಯಾಯಕ್ಕೆ ಬಂದಾಗ ಪದಗಳು ಕೈಕೊಡುತ್ತಿವೆ. ನಿಮ್ಮ ಊರುಗಳಲ್ಲಿ ಏನನ್ನುತ್ತಾರೆ ತಿಳಿಸಿ.

ಮೊದಲು ‘ತಂತಿ’. ನಿಘಂಟಿನ ಪ್ರಕಾರ ಸರಿ, ಆದರೆ ನನಗೆ ಒಗ್ಗುತ್ತಿಲ್ಲ. ತಂತಿ ಎಂದಾಗ ವೀಣೆಯದ್ದೋ, ಬೇಲಿಯದ್ದೋ, ಕಂಬದ ಮೇಲಿನದ್ದೋ ಕಣ್ಣಿಗೆ ಬರುತ್ತದೆ: ಬರಿಮೈಯ, ಗಟ್ಟಿಯಾದ ಲೋಹ. ಪ್ಲಾಸ್ಟಿಕ್ ಹೊದ್ದದ್ದನ್ನು ಜನ ‘ವೈರು’ ಎನ್ನುತ್ತಾರೆ. ಪತ್ರಿಕೆಯಲ್ಲಿ ‘ವಿದ್ಯುತ್ ತಂತಿ ತುಳಿದು’ ಎಂದು ಬರುತ್ತದೆ, ಮನೆಯೊಳಗೆ ‘ವೈರ್ ಸುಟ್ಟುಹೋಯ್ತು’ ಎನ್ನುತ್ತೇವೆ. ದೋಣಿಯಲ್ಲಂತೂ ಒಂಟಿ ಗಟ್ಟಿ ತಂತಿ ಹಾಕಲೇಬಾರದು. ಎಂಜಿನ್ನಿನ ನಡುಕಕ್ಕೆ ಅದು ಬಾಗಿ ಬಾಗಿ ತಿರುಪಿನ ಬುಡದಲ್ಲೇ ಮುರಿಯುತ್ತದೆ. ಹಾಗಾಗಿ ‘ವೈರು’ ಎಂದೇ ಇಟ್ಟುಕೊಂಡಿದ್ದೇನೆ. ಶುದ್ಧ ಕನ್ನಡದವರು ಕ್ಷಮಿಸಬೇಕು.

ಒಳಗಿನ ಸಣ್ಣ ಸಣ್ಣ ತಾಮ್ರದ ಕೂದಲುಗಳಿಗೆ ‘ಎಳೆ’ ಚೆನ್ನಾಗಿ ಹೊಂದುತ್ತದೆ. ಒಂದೇ ತಾಪತ್ರಯವೆಂದರೆ ‘ಬಹು ಎಳೆಯ ವೈರನ್ನು ಎಳೆಯುವಾಗ’ ಎಂಬಂಥ ವಾಕ್ಯಗಳು ಹುಟ್ಟುತ್ತವೆ. ‘ಹಾಯಿಸುವಾಗ’ ಎಂದು ತಿದ್ದಿಕೊಂಡೆ.

ಈಗ ಮುಖ್ಯ ಪ್ರಶ್ನೆ. ಸಮುದ್ರದ ದೋಣಿಗೆ ಬೇಕಾದದ್ದು ಪ್ರತಿ ಎಳೆಗೂ ತವರ ಬಳಿದ ತಾಮ್ರದ ವೈರು. ಅಂಗಡಿಯಲ್ಲಿ ‘ಟಿನ್ಡ್ ಕಾಪರ್’ ಎಂದು ಕೇಳಬೇಕು. ಬರಿ ತಾಮ್ರವಾದರೆ ಉಪ್ಪುನೀರು ಕತ್ತರಿಸಿದ ತುದಿಯಿಂದ ಎಳೆಗಳ ಸಂದಿ ಹಿಡಿದು ಒಳಗೊಳಗೇ ಏರುತ್ತದೆ. ಹಳೇ ವೈರಿನ ಸಿಪ್ಪೆ ಸುಲಿದು ನೋಡಿ: ತುದಿಯಲ್ಲಿ ಹಸಿರು, ಆಮೇಲೆ ಕರಿ, ಇನ್ನಷ್ಟು ಸುಲಿದರೂ ಕರಿ. ಹೊರಗಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೆ ಮಿರಿಮಿರಿ ಮಿಂಚುತ್ತಿರುತ್ತದೆ.

ಇದಕ್ಕೆ ‘ತವರಲೇಪಿತ’ ಎಂದು ಪಠ್ಯಪುಸ್ತಕದ ಮಾತು ಹಾಕಬಹುದು. ‘ಟಿನ್ ಹಾಕಿದ’ ಎಂದರೆ ಡಬ್ಬಿ ನೆನಪಾಗುತ್ತದೆ. ನನ್ನ ಒಲವು ‘ಕಲಾಯಿ’ಯ ಕಡೆಗೆ. ತಾಮ್ರದ ಪಾತ್ರೆಯ ಒಳಮೈಗೆ ಕಲಾಯಿ, ಅಂದರೆ ತವರದ ಲೇಪ, ಹಾಕಿಸುತ್ತಿದ್ದುದು ಹುಳಿ ತಾಗಿ ಕಿಲುಬು ಏಳದಿರಲಿ ಎಂದು. ಇಲ್ಲಿ ಹುಳಿಯ ಬದಲು ಉಪ್ಪು. ಲೋಹಗಳು ಅವೇ ಎರಡು, ಕೆಲಸವೂ ಅದೇ. ‘ಕಲಾಯಿ ವೈರು’ ಎಂದರೆ ಕುಂದಾಪುರದ ಅಜ್ಜಿಗೂ ಕಾರಣ ಸಮೇತ ಅರ್ಥವಾದೀತು. ಆದರೆ ದೋಣಿ ಬಿಡುವವನಿಗೆ ವಯಸ್ಸು ಇಪ್ಪತ್ತೈದು, ಹುಟ್ಟಿದ್ದು ಸ್ಟೀಲು ಪಾತ್ರೆಯ ಮನೆಯಲ್ಲಿ. ಅವನಿಗೆ ಈ ಪದ ಗೊತ್ತೇ? ಕರಾವಳಿಯ ಗೆಳೆಯರು ಮುಖ್ಯವಾಗಿ ಇದಕ್ಕೆ ಉತ್ತರಿಸಬೇಕು. ಇನ್ನೊಂದು ತೊಂದರೆಯೂ ಇದೆ. ಕಲಾಯಿಯ ಎಳೆ ಬೆಳ್ಳಗಿರುವುದರಿಂದ ‘ಇದು ಅಲ್ಯೂಮಿನಿಯಂ, ಮೋಸ’ ಎಂದು ವಾಪಸು ಕೊಡುವವರಿದ್ದಾರೆ. ಒಂದು ಎಳೆಯನ್ನು ಚಾಕುವಿನಿಂದ ಕೆರೆದರೆ ಕೆಂಪು ತಾಮ್ರ ಕಾಣುತ್ತದೆ. ಇದನ್ನು ಚಿತ್ರ ಸಮೇತ ಹಾಕುತ್ತೇನೆ.

ಅಂದಹಾಗೆ ಮೂಲ ಕರಡಿನಲ್ಲಿ ಯಾರೋ ‘ತಾಮ್ರ ತುಕ್ಕು ಹಿಡಿಯುತ್ತದೆ’ ಎಂದು ಬರೆದಿದ್ದರು. ತುಕ್ಕು ಕಬ್ಬಿಣಕ್ಕೆ, ತಾಮ್ರ ಹಿತ್ತಾಳೆಗೆ ಕಿಲುಬು. ಇಂಗ್ಲಿಷಿನಲ್ಲಿ ಓದಿದವರು ಎರಡಕ್ಕೂ ‘ತುಕ್ಕು’ ಬಳಸಿ ಇಷ್ಟು ಒಳ್ಳೆಯ ಪದವನ್ನು ಅಟ್ಟಕ್ಕೆ ಹಾಕುತ್ತಿದ್ದಾರೆ.

ದಪ್ಪದ ವಿಚಾರ ಇನ್ನೂ ಗೋಜಲು. ವೈರಿನ ದಪ್ಪ ಹೇಳುವ ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ವೈರು ಸಪೂರವಾಗುತ್ತದೆ, ಅಂದರೆ ದಪ್ಪ ಕಡಿಮೆಯಾಗುತ್ತದೆ. ಹಾಗಿರುವಾಗ ‘ಹೆಚ್ಚಿನ ಗೇಜಿನ ವೈರು ಬಳಸಿ’ ಎಂದು ಬರೆದರೆ ಓದುವವನು ಯಾವುದನ್ನು ತರಬೇಕು? ಸಾಲದ್ದಕ್ಕೆ ಗೇಜೂ ಒಂದೇ ಅಲ್ಲ. ಅಮೆರಿಕದ ಪಟ್ಟಿಯಲ್ಲಿ 14 ಗೇಜು ಎಂದರೆ ಸುಮಾರು 2.1 ಚದರ ಮಿಲಿಮೀಟರು, ಬ್ರಿಟಿಷ್ ಪಟ್ಟಿಯಲ್ಲಿ ಅದೇ 14 ಎಂದರೆ 3.2. ನಮ್ಮ ಹಳೇ ಮೇಸ್ತ್ರಿಗಳು ಈಗಲೂ ಹೇಳುವ ‘ಸೆವೆನ್ ಟ್ವೆಂಟಿ’ ಬ್ರಿಟಿಷ್ ಲೆಕ್ಕದ್ದು: 20 ಗೇಜಿನ ಏಳು ಎಳೆ, ಒಟ್ಟು 4.6 ಚದರ ಮಿಲಿಮೀಟರು. ಅಂಗಡಿಯವನು ‘ನಾಲ್ಕು ಎಂಎಂ’ ಎನ್ನುವುದು ಅಡ್ಡಗಲವನ್ನಲ್ಲ, ಕತ್ತರಿಸಿದ ಮುಖದ ವಿಸ್ತೀರ್ಣವನ್ನು. ಸ್ಕೇಲು ಹಿಡಿದು ನಾಲ್ಕು ಮಿಲಿಮೀಟರಿನ ತಾಮ್ರ ಹುಡುಕಿದರೆ ಸಿಗುವುದಿಲ್ಲ.

ಆದ್ದರಿಂದ ಗೇಜು ಪದವನ್ನೇ ಬಿಟ್ಟು ‘ತೋರ’, ‘ಸಪೂರ’ ಎಂದು ಬರೆಯೋಣವೆಂದಿದ್ದೇನೆ, ಪಕ್ಕದಲ್ಲಿ ಚದರ ಮಿಲಿಮೀಟರು. ‘ತೆಳು’ ನನಗೆ ಹಿಡಿಸಲಿಲ್ಲ. ದೋಸೆ ತೆಳು, ತಗಡು ತೆಳು, ವೈರು ತೆಳು ಹೇಗಾದೀತು? ಘಟ್ಟದ ಮೇಲಿನವರು ‘ಸಣ್ಣ ವೈರು’ ಎಂದಾರು, ಆದರೆ ಅದನ್ನು ಗಿಡ್ಡ ಎಂದೂ ಓದಬಹುದು. ಇಲ್ಲಿ ಉದ್ದವೂ ಮುಖ್ಯ.

ಏಕೆಂದರೆ ವೈರು ಉದ್ದವಾದಷ್ಟೂ ವೋಲ್ಟೇಜು ಸೋರುತ್ತದೆ, 12 ವೋಲ್ಟಿನಲ್ಲಿ ಅದು ಬೇಗ ಗೊತ್ತಾಗುತ್ತದೆ. ಬ್ಯಾಟರಿಯಿಂದ ಎಂಟು ಮೀಟರು ದೂರದ ಪಂಪು ಐದು ಆಂಪಿಯರ್ ಎಳೆಯುತ್ತಿದೆ ಎನ್ನಿ. ಹೋಗಿ ಬರುವ ಉದ್ದ 16 ಮೀಟರು. ಒಂದೂವರೆ ಚದರ ಮಿಲಿಮೀಟರಿನ ವೈರಿನಲ್ಲಿ ಹೆಚ್ಚುಕಡಿಮೆ 0.9 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ನಾಲ್ಕರದ್ದು ಹಾಕಿದರೆ 0.35, ಅಂದರೆ ಶೇಕಡಾ ಮೂರರೊಳಗೆ. ಸಂಚಾರ ದೀಪದಂಥ ಮುಖ್ಯ ಸಾಮಾನುಗಳಿಗೆ ಅಮೆರಿಕದ ದೋಣಿ ಮಾನದಂಡ ಇಟ್ಟಿರುವ ಮಿತಿಯೂ ಶೇಕಡಾ ಮೂರೇ. ‘ಹೋಗಿ ಬರುವ ಉದ್ದ’ ನಾನೇ ಕಟ್ಟಿಕೊಂಡದ್ದು. ಬೈಕ್ ಮೆಕ್ಯಾನಿಕ್ಕುಗಳಿಗೆ ‘ಬಾಡಿ ಅರ್ತ್’ (ಗಾಡಿಯ ಲೋಹದ ಮೈಯನ್ನೇ ವಾಪಸು ದಾರಿಯಾಗಿ ಬಳಸುವುದು) ರೂಢಿಯಾಗಿ ವಾಪಸು ಬರುವ ವೈರಿನ ಲೆಕ್ಕವೇ ಮರೆತಿರುತ್ತದೆ. ಫೈಬರ್ ದೋಣಿಗೆ ಎಲ್ಲಿಯ ಬಾಡಿ ಅರ್ತು? ಪ್ರತಿ ದೀಪಕ್ಕೂ ಎರಡು ವೈರು ಬೇಕೇ ಬೇಕು.

ಹಾಗಾಗಿ ಕೇಳುವುದು ಇಷ್ಟು: ನಿಮ್ಮ ಕಡೆ ‘ಕಲಾಯಿ’ ಇನ್ನೂ ಬಾಯಲ್ಲಿದೆಯೇ? ‘ತೋರ–ಸಪೂರ’ ಘಟ್ಟದ ಮೇಲೆ ಅಪರಿಚಿತವೇ? ವೈರಿನ ತುದಿಗೆ ಲಗ್ (ತಿರುಪಿಗೆ ಸಿಕ್ಕಿಸುವ ಲೋಹದ ತುಂಡು) ಇಟ್ಟು ಇಕ್ಕಳದಿಂದ ಅದುಮಿ ಕೂರಿಸುವುದಕ್ಕೆ ‘ಕ್ರಿಂಪ್ ಮಾಡು’ ಬಿಟ್ಟರೆ ಬೇರೆ ಮಾತು ಕೇಳಿದ್ದೀರಾ? ‘ಒತ್ತು’ ಎಂದು ಬರೆದಿದ್ದೆ, ಸ್ವಿಚ್ಚು ಒತ್ತಿದ ಹಾಗೆ ಕಾಣುತ್ತದೆ. ಕಾರವಾರದ ಕಡೆಯವರು ಕೊಂಕಣಿ ಪದ ಕೊಟ್ಟರೂ ಆದೀತು.