36ರಿಂದ 40 ಹರ್ಟ್ಸ್ ನಡುವೆ ಮಾತ್ರ ಬ್ಲೋವರ್ ಸ್ಟ್ಯಾಂಡ್ ಯಾಕೆ ನಡುಗುತ್ತೆ?

ಪ್ರಶ್ನೆ: ಗುಬ್ಬಿ ಹತ್ರ ರಾಗಿ ಕ್ಲೀನಿಂಗ್ ಘಟಕ. ಹೊಟ್ಟು ಊದೋ ಬ್ಲೋವರ್‌ಗೆ 3 ಎಚ್‌ಪಿ, 4 ಪೋಲ್ ಮೋಟಾರ್, ಫ್ಯಾನು ನೇರವಾಗಿ ಶಾಫ್ಟಿಗೇ ಕೂತಿದೆ. ವಿಎಫ್‌ಡಿ (ಮೋಟಾರ್ ವೇಗ ಹೆಚ್ಚುಕಮ್ಮಿ ಮಾಡೋ ಡ್ರೈವ್) ಹಾಕಿಸಿದ ಮೇಲೆ 36ರಿಂದ 40 ಹರ್ಟ್ಸ್‌ನಲ್ಲಿ ಕಬ್ಬಿಣದ ಆ್ಯಂಗಲ್ ಪಟ್ಟಿಯ ಸ್ಟ್ಯಾಂಡು ಗಡಗಡ ಅಲ್ಲಾಡುತ್ತೆ. 50ರಲ್ಲಿ ತಣ್ಣಗೆ ಓಡುತ್ತೆ. ಬೇರಿಂಗ್ ಹೊಸದು, ಬೋಲ್ಟ್ ಬಿಗಿ ಇವೆ. ಮೋಟಾರ್ ಕೆಟ್ಟಿದೆಯಾ ಸರ್?

ಉತ್ತರ: ಮೋಟಾರ್ ಮೇಲೆ ಅನುಮಾನ ಬೇಡ. ಬೇರಿಂಗ್ ಕೆಟ್ಟಿದ್ದರೆ 50ರಲ್ಲೂ ಸುಮ್ಮನಿರುತ್ತಿರಲಿಲ್ಲ. ಇದು ಅನುರಣನೆ, ರೆಸೊನೆನ್ಸ್. ಡ್ರೈವ್ 38 ತೋರಿಸುವಾಗ 4 ಪೋಲ್ ಮೋಟಾರ್ ತಿರುಗೋದು ಅದರ ಅರ್ಧ, ಸೆಕೆಂಡಿಗೆ 19 ಸುತ್ತಿಗೆ ಚೂರು ಕಮ್ಮಿ. ಫ್ಯಾನಿನಲ್ಲಿ ಉಳಿದ ಸಣ್ಣ ತೂಕದ ಏರುಪೇರು ಸುತ್ತಿಗೊಮ್ಮೆ ಸ್ಟ್ಯಾಂಡನ್ನು ತಳ್ಳುತ್ತೆ. ಸ್ಟ್ಯಾಂಡಿನ ಸ್ವಂತ ತೂಗಾಟವೂ ಸೆಕೆಂಡಿಗೆ 19ರ ಹತ್ರ ಇದ್ದರೆ, ಜೋಕಾಲಿ ಹಿಂದೆ ಬಂದು ತಿರುಗೋ ಹೊತ್ತಿಗೇ ತಳ್ಳಿದ ಹಾಗೆ, ಸಣ್ಣ ತಳ್ಳಾಟವೇ ಕೂಡಿಕೊಂಡು ದೊಡ್ಡದಾಗುತ್ತೆ.

ಖಾತ್ರಿ ಮಾಡ್ಕೊಳ್ಳಿ. ಮೇನ್ ಆಫ್ ಮಾಡಿ, ಫೋನನ್ನು ಟೇಪಿನಿಂದ ಸ್ಟ್ಯಾಂಡಿಗೆ ಬಿಗಿದು, ಕಂಪನ ಅಳೆಯೋ ಆ್ಯಪ್ ತೆರೆಯಿರಿ. ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೊಂದು, ಎದುರಿಗೊಂದು ಏಟು. ಸ್ಪೆಕ್ಟ್ರಮ್‌ನಲ್ಲಿ (ಎಷ್ಟು ಹರ್ಟ್ಸ್‌ಗೆ ಎಷ್ಟು ಕಂಪನ ಅಂತ ತೋರಿಸೋ ಗ್ರಾಫ್) 18–19ಕ್ಕೆ ಚೂಪಾಗಿ ಎದ್ದರೆ ಅದೇ. ಸದ್ಯಕ್ಕೆ ಡ್ರೈವ್‌ನಲ್ಲಿ ಸ್ಕಿಪ್ ಫ್ರೀಕ್ವೆನ್ಸಿ 38, ಆಚೀಚೆ 3 ಹರ್ಟ್ಸ್ ಕೊಡಿ. ಆ ವೇಗದಲ್ಲಿ ನಿಲ್ಲದೆ ದಾಟಿಕೊಂಡು ಹೋಗುತ್ತೆ.

ಪ್ರಶ್ನೆ: 38ರಲ್ಲೇ ಓಡಿಸ್ಬೇಕು ಸರ್, ಗಾಳಿ ಜಾಸ್ತಿಯಾದ್ರೆ ಕಾಳೂ ಹಾರುತ್ತೆ. ಒಂದು ಅಡ್ಡಪಟ್ಟಿ ವೆಲ್ಡ್ ಮಾಡಿಸಲಾ, ಅಡಿಗೆ ರಬ್ಬರ್ ಕೊಡಲಾ?

ಉತ್ತರ: ಅಡ್ಡಪಟ್ಟಿ ಸಾಲದು, ಮೂಲೆಯಿಂದ ಮೂಲೆಗೆ ಓರೆಪಟ್ಟಿ ಬೇಕು. ಬಹಳ ಜನ ಎಡವೋದು ಇಲ್ಲೇ. ಅರೆಬರೆ ಬಿಗಿ ಮಾಡಿದರೆ 19 ಇದ್ದದ್ದು 24ಕ್ಕೆ ಹೋಗಿ ಕೂರುತ್ತೆ. 50 ಹರ್ಟ್ಸ್‌ನಲ್ಲಿ ಮೋಟಾರ್ 1440 ಆರ್‌ಪಿಎಂ, ಸೆಕೆಂಡಿಗೆ ಅದೇ 24! ನಡುಕ ಫುಲ್ ಸ್ಪೀಡಿಗೆ ವರ್ಗವಾಯ್ತು ಅಷ್ಟೆ. ಆದ್ದರಿಂದ ಸ್ಟ್ಯಾಂಡಿನ ಸ್ವಂತ ಆವೃತ್ತಿಯನ್ನು, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತೆ ಅನ್ನೋದನ್ನು, 30ರವರೆಗೆ ಏರಿಸಿ. ಆವೃತ್ತಿ ಏರೋದು ಬಿಗಿತದ ವರ್ಗಮೂಲದ ಲೆಕ್ಕದಲ್ಲಿ. 19ನ್ನು 30 ಮಾಡೋಕೆ ಎರಡೂವರೆ ಪಟ್ಟು ಬಿಗಿತ ಬೇಕು. ನಾಲ್ಕೂ ಮಗ್ಗುಲಿಗೆ ಓರೆ ಕೊಡಿಸಿ, ಮತ್ತೆ ಸುತ್ತಿಗೆ ಏಟು ಹಾಕಿ ನೋಡಿ.

ರಬ್ಬರ್ ಆವೃತ್ತಿಯನ್ನು ಕೆಳಗಿಳಿಸುತ್ತೆ. ಓಡೋ ವೇಗ ಆ ಹೊಸ ಆವೃತ್ತಿಯ 1.4 ಪಟ್ಟು ದಾಟಿದರೆ ಮಾತ್ರ ನೆಲಕ್ಕಿಳಿಯೋ ಕಂಪನ ಕಮ್ಮಿ, ಇಲ್ಲದಿದ್ದರೆ ಜಾಸ್ತಿ. ಅಂದಾಜಿಗೆ ಹಾಕಬೇಡಿ.

ಇನ್ನೊಬ್ಬರ ಉತ್ತರ: ಅಣ್ಣಾ, ರೆಕ್ಕೆ ಹಿಂದೆ ಹತ್ತಿರೋ ರಾಗಿ ಧೂಳು ಮೊದಲು ಕೆರೆಸಿ. ಒಂದೇ ಕಡೆ ಹೆಪ್ಪುಗಟ್ಟಿದ್ದರೆ ತಳ್ಳೋ ಬಲವೇ ಹೆಚ್ಚುತ್ತೆ. ಇಷ್ಟು ದಿನ ನಡುಗಿದೆ, ಕಾಲಿನ ವೆಲ್ಡಿಂಗ್‌ನಲ್ಲಿ ಕೂದಲೆಳೆ ಬಿರುಕೂ ನೋಡಿಬಿಡಿ.